ಕಾಕಾನ ಕ್ಲಾರಿಯೊನೆಟ್ಟಿಗೆ ಮನೆಮದ್ದು

ನಮ್ಮ ಊರಿನಲ್ಲಿ ಒಂದು ವಸ್ತು ಕೆಟ್ಟಿತು ಅಂದರೆ ರಿಪೇರಿ ಮಾಡುವವರು ಬರುವುದಿಲ್ಲ, ಔಷಧಿ ಹೇಳುವವರು ಬರುತ್ತಾರೆ. ಗಡಿಯಾರ ನಿಂತರೆ ಅದಕ್ಕೆ ಸ್ವಲ್ಪ ಕಾವು ಕೊಡು ಅನ್ನುತ್ತಾರೆ. ರೇಡಿಯೋ ಗರಗರ ಅಂದರೆ ಕಫ ಕಟ್ಟಿದೆ ಅನ್ನುತ್ತಾರೆ. ಇಂಥವು ನಮ್ಮ ಓಣಿಯಲ್ಲಿ ವಾರಕ್ಕೊಂದು ನಡೆಯುತ್ತಲೇ ಇರುತ್ತವೆ, ಎಲ್ಲವನ್ನೂ ಬರೆಯಲು ಹೊರಟರೆ ನೋಟಬುಕ್ಕು ಸಾಲುವುದಿಲ್ಲ. ಅದಕ್ಕೇ ಒಂದೇ ರೋಗಿಯ ಕಥೆ ಹೇಳುತ್ತೇನೆ. ರೋಗಿ ನಮ್ಮ ಕಾಕಾನ ಕ್ಲಾರಿಯೊನೆಟ್.

ಕಾಕಾ ಅಂದರೆ ಅಪ್ಪನ ತಮ್ಮ. ಶಲವಡಿಯ ನಮ್ಮ ಮನೆಯಲ್ಲಿ ಅಪ್ಪ ಹೊಲ ನೋಡುತ್ತಿದ್ದರು, ಕಾಕಾ ಹೊಲದ ಕಡೆ ಮುಖ ಹಾಕಿ ಸಹ ಮಲಗುತ್ತಿರಲಿಲ್ಲ. ಮದುವೆಗಳ ಕಾಲದಲ್ಲಿ ಊರ ಬ್ಯಾಂಡಿನ ಜೊತೆ ಹೋಗಿ ಕ್ಲಾರಿಯೊನೆಟ್ ಊದುವುದು, ಉಳಿದ ದಿನ ಪಡಸಾಲೆಯಲ್ಲಿ ಕುಳಿತು ರಾಗ ತಿದ್ದುವುದು, ಇಷ್ಟೇ ಅವನ ಕಸುಬು. ಆ ವರ್ಷ ಯುಗಾದಿಯ ಹೊತ್ತಿಗೆ ಧಾರವಾಡದ ರೇಡಿಯೋದವರಿಂದ ಅವನಿಗೆ ಆಡಿಶನ್ನಿಗೆ ಬರಬೇಕೆಂದು ಪತ್ರ ಬಂತು. ಪರೀಕ್ಷೆ ಮೇ ತಿಂಗಳಲ್ಲಿ. ಅಪ್ಪ ಪತ್ರವನ್ನು ಎರಡು ಸಲ ತಿರುವಿ ನೋಡಿ ತೀರ್ಪು ಕೊಟ್ಟರು.

"ನೋಡಲೇ, ರೇಡಿಯೋದವರು ನಿನ್ನ ತಗೊಂಡ್ರ ಇನ್ನ ಮುಂದ ಹೊಲಕ್ಕ ಬಾ ಅಂತ ನಾ ಕರಿಯೂದಿಲ್ಲ. ತಗೊಳ್ಳಿಲ್ಲಂದ್ರ ಈ ಕೊಳವಿ ಅಟ್ಟಕ್ಕ, ನೀ ಎತ್ತು ಹೂಡಿದ ಕುಂಟಿ ಹಿಂದ. ಒಪ್ಪಿಗಿ ಏನ?"

"ಒಪ್ಪಿಗಿ" ಅಂದ ಕಾಕಾ. ಆ ಗಳಿಗೆಯಿಂದ ಕ್ಲಾರಿಯೊನೆಟ್ ಅವನ ಕೈತಪ್ಪಿತು. ಅವನ ಬಾಳು ಅದರ ಮೇಲೆ ನಿಂತಿದೆ ಎಂದು ಗೊತ್ತಾದ ಕೂಡಲೇ ಅದರ ಆರೋಗ್ಯದ ಹೊಣೆಯನ್ನು ಎಲ್ಲರೂ ಹೊತ್ತುಕೊಂಡರು. ನಾನು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಓದು ಮುಗಿಸಿ ಆಗಷ್ಟೇ ಊರಿಗೆ ಬಂದು ಕುಳಿತಿದ್ದೆ. ಆ ಶಾಲೆ ನನಗೆ ಕಲಿಸಿದ್ದು ಎರಡು: ಸರಿಯಾದ ಉತ್ತರ ತಿಳಿದಿರುವುದು, ಮತ್ತು ಯಾರಾದರೂ ಕೇಳುವ ತನಕ ಬಾಯಿ ಮುಚ್ಚಿಕೊಂಡಿರುವುದು. ಹೀಗಾಗಿ ನಾನು ಎಲ್ಲವನ್ನೂ ನೋಡಿದೆ, ಯಾವುದನ್ನೂ ತಡೆಯಲಿಲ್ಲ.

೧. ನೆಗಡಿ

ಕ್ಲಾರಿಯೊನೆಟ್ಟನ್ನು ಒಂದು ತಾಸು ಊದಿದರೆ ಉಸಿರಿನ ಪಸೆ ಒಳಗೆ ನೀರಾಗಿ ಕೆಳಗಿನ ಬಾಯಿಂದ ತೊಟ್ಟಿಕ್ಕುತ್ತದೆ. ಊದುವವರು ಬಟ್ಟೆಯಿಂದ ಒರೆಸಿ ಸುಮ್ಮನಾಗುತ್ತಾರೆ. ಒಂದು ದಿನ ಇದು ನನ್ನ ಅಜ್ಜಿಯ ಕಣ್ಣಿಗೆ ಬಿತ್ತು. ನಾವೆಲ್ಲ ಅವಳನ್ನು ಆಯಿ ಅನ್ನುತ್ತೇವೆ.

"ತಮ್ಮಾ, ಇದರ ಮೂಗ ಸೋರಾಕತ್ತೈತಲ್ಲೋ!"

"ಮೂಗಲ್ಲಬೇ ಯವ್ವಾ, ಅದು ಕೆಳಗಿನ ತುದಿ" ಅಂದ ಕಾಕಾ.

"ಎಲ್ಲಿಂದಾದ್ರೂ ಸೋರ್ಲಿ, ನೆಗಡಿ ಅಂದ್ರ ನೆಗಡೀನ. ಹಗಲೆಲ್ಲಾ ಒದರಸ್ತಿ, ತಣ್ಣೀರು ಕುಡದ ಬಾಯಿಲೆ ಊದ್ತಿ. ಆಗದ ಏನಾದೀತು?"

ನನ್ನಂಥ ಹನ್ನೊಂದು ಮೊಮ್ಮಕ್ಕಳ ನೆಗಡಿ ಬಿಡಿಸಿದ ಕೈ ಅದು. ಒಲೆಯಿಂದ ಕೆಂಡ ತೆಗೆದು ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಒಂದು ಚೂರು ಲೋಬಾನ ಉದುರಿಸಿದಳು. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕ್ಲಾರಿಯೊನೆಟ್ ಮಲಗಿಸಿದಳು. ಹೊಗೆ ಎಲ್ಲ ತೂತುಗಳಿಂದ ಹೊಕ್ಕು ಬಾಯಿಂದ ಹೊರಟಿತು. "ನೋಡ, ಹೆಂಗ ಸೇದಾಕತ್ತೈತಿ, ಭಾಳ ಕಟ್ಟಿತ್ತು ಪಾಪ" ಅಂದಳು. ಆಮೇಲೆ ಸಂದೂಕಿನಿಂದ ನನ್ನ ಎಳವೆಯ ಕುಂಚಿಗೆ ತೆಗೆದು, ಅದನ್ನು ತೊಡಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟಿದಳು. ಅದಕ್ಕೆ ಗಲ್ಲ ಎಲ್ಲಿದೆ ಎಂದು ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಮೂರು ದಿನ ಎರಡೂ ಹೊತ್ತು ಈ ಉಪಚಾರ ನಡೆಯಿತು.

ನಾಲ್ಕನೆಯ ದಿನ ಯರಗುಪ್ಪಿಯಲ್ಲಿ ಮದುವೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಕಾಕಾ ಹಂದರದ ಮುಂದೆ ನಿಂತು ಜೋರಾಗಿ ಊದಿದ. ಊದಿದ್ದೇ ತಡ, ಹಂದರದ ತುಂಬ ಅಜವಾನದ ಹೊಗೆಯ ವಾಸನೆ. ಹಡೆದ ಹೆಂಗಸಿನ ಕೋಣೆಯಲ್ಲಿ ಬರುತ್ತದಲ್ಲ, ಅದೇ.

"ಬಾಣಂತಿ ವಾಸನಿ ಬರಾಕತ್ತೈತಿ, ಹೌದಿಲ್ಲೋ?" ಅಂದಳು ಹಿಂದೆ ಕುಳಿತ ಮುದುಕಿಯೊಬ್ಬಳು.

"ಹೌದಬೇ, ಎಳೀ ಬಾಣಂತೀದು. ಯಾರಕಿ?"

ಎಲ್ಲ ಹೆಂಗಸರ ಕಣ್ಣು ಒಂದೇ ಕಡೆ ಹೋದವು. ಕ್ಲಾರಿಯೊನೆಟ್ಟಿನ ಕಡೆಗಲ್ಲ. ನಮ್ಮಲ್ಲಿ ಹಂದರದಲ್ಲಿ ಏನೇ ವಾಸನೆ ಬಂದರೂ ಅದಕ್ಕೆ ಹೊಣೆ ಮದುಮಗಳೇ. ಗಂಡಿನ ತಾಯಿ ಸೆರಗು ಸರಿಮಾಡುವ ನೆವದಲ್ಲಿ ಹೋಗಿ ಸೊಸೆಯನ್ನು ಮೂಸಿಯೂ ನೋಡಿದರು. ಹೆಣ್ಣಿನ ತಾಯಿಯ ಮುಖ ಸುಣ್ಣವಾಯಿತು. ಕಡೆಗೆ ಹಿರಿಯರೊಬ್ಬರು ವಾಸನೆಯ ಜಾಡು ಹಿಡಿದು ಬಂದು ಕಾಕಾನ ಎದುರು ನಿಂತು, "ನಿಮ್ಮ ಕಡಿಂದನ ಬರಾಕತ್ತೈತ್ರಿ ಇದು. ಏನ್ರಿ ಇದು?" ಅಂದರು.

ಗಾಬರಿಯಾದ ಕಾಕಾ, "ಮನ್ಯಾಗ ಕೂಸಿನ್ನ ಮಲಗಿಸಿದಂಗ ಮಲಗಿಸಿ ಹೊಗಿ ಹಾಕಿದ್ವಿರಿ" ಅನ್ನಬೇಕೆಂದಿದ್ದ. "ಮನ್ಯಾಗ ಕೂಸು..." ಅನ್ನುವಷ್ಟೇ ಹೊರಬಿತ್ತು.

"ನಿಮ್ಮದಿನ್ನೂ ಲಗ್ನ ಆಗಿಲ್ಲಲ್ರಿ?" ಅಂದರು ಹಿರಿಯರು.

ಮದುಮಗಳು ಪಾರಾದಳು. ಯರಗುಪ್ಪಿ ಕಡೆಯಿಂದ ಕಾಕಾನಿಗೆ ಬರಬೇಕಿದ್ದ ಒಂದು ಸಂಬಂಧ ಮಾತ್ರ ಇವತ್ತಿಗೂ ಬಂದಿಲ್ಲ.

೨. ಮಜ್ಜಿಗೆ

ಕ್ಲಾರಿಯೊನೆಟ್ಟಿನ ಜೀವ ಇರುವುದು ರೀಡಿನಲ್ಲಿ. ಬಾಯಿಗೆ ಹಿಡಿಯುವ ತುದಿಗೆ ಬಿಗಿಯುವ, ಬಿದಿರಿನ ಸೀಳಿನಂಥ ತೆಳ್ಳನೆಯ ಪಟ್ಟಿ ಅದು. ಅದು ಅದುರಿದರೆ ಸ್ವರ, ಇಲ್ಲದಿದ್ದರೆ ಬರೀ ಗಾಳಿ. ಕಾಕಾ ಹುಬ್ಬಳ್ಳಿಯಿಂದ ಎರಡು ರೀಡು ತಂದಿದ್ದ. ಸಾಧಾರಣದ್ದು ದಿನದ ಅಭ್ಯಾಸಕ್ಕೆ, ಒಳ್ಳೆಯದು ಆಡಿಶನ್ನಿಗೆ. ಒಳ್ಳೆಯದು ಸ್ವಲ್ಪ ಬಿರುಸಾಗಿತ್ತು, ಮೆತ್ತಗಾಗಬೇಕಿತ್ತು.

ಎದುರು ಮನೆಯಲ್ಲಿ ನಿವೃತ್ತ ಮಾಸ್ತರರು. ಸಾಲೆಯಲ್ಲಿ ಹುಡುಗರು ಪ್ರಶ್ನೆ ಕೇಳದಂತೆ ನೋಡಿಕೊಂಡು ಮೂವತ್ತು ವರ್ಷ ಕಳೆದವರು. ಈಗ ಯಾರೂ ಕೇಳದಿದ್ದರೂ ಉತ್ತರ ಕೊಡುತ್ತಿದ್ದರು.

"ವಿಚಾರ ಮಾಡ್ರಿ" ಅಂದರು ನಮ್ಮ ಕಟ್ಟೆಯ ಮೇಲೆ ಕುಳಿತು. "ಬಿದಿರು ಅಂದ್ರ ಏನು? ಹುಲ್ಲಿನ ಜಾತಿ. ಹುಲ್ಲು ತಿನ್ನೂದು ಯಾವುದು?"

"ಎಮ್ಮಿರಿ" ಅಂದ ಕಾಕಾ.

"ಎಮ್ಮಿಯಿಂದ ಬರೂದೇನು?"

ಕಾಕಾ ಮರ್ಯಾದೆಯ ಉತ್ತರ ಆರಿಸಿ, "ಹಾಲ್ರಿ" ಅಂದ.

"ಹಾಲಿನ ಕಡೀ ರೂಪ?"

"ಮಜ್ಜಿಗಿರಿ."

"ಮುಗೀತಲ್ಲ! ಮಜ್ಜಿಗ್ಯಾಗ ಒಂದು ಹಗಲು ನೆನಸು. ತನ್ನ ಮೂಲಕ್ಕ ಸೇರಿದ್ದ ವಸ್ತು ತಾನ ಮೆತ್ತಗಾಗತೈತಿ."

ಕಾಕಾ ಒಳ್ಳೆಯ ರೀಡನ್ನು ಒಂದು ಬಟ್ಟಲು ಮಜ್ಜಿಗೆಯಲ್ಲಿ ಮುಳುಗಿಸಿ, ಇರುವೆ ಬರಬಾರದೆಂದು ಮೇಲೆ ತಟ್ಟೆ ಮುಚ್ಚಿ, ಅಡುಗೆ ಮನೆಯ ಮೂಲೆಯಲ್ಲಿಟ್ಟು ಹೋದ. ಮಧ್ಯಾಹ್ನ ಅಪ್ಪ ಹೊಲದಿಂದ ಬಂದರು. ಏಪ್ರಿಲ್ ತಿಂಗಳ ಬಿಸಿಲು, ಕರಿಮಣ್ಣಿನ ಎರಿ ಹೊಲ. ಬಂದವರೇ ತಟ್ಟೆ ತೆಗೆದು ಬಟ್ಟಲನ್ನು ಎತ್ತಿದರು. ನಾನು ಬಾಗಿಲ ಬಳಿಯೇ ಪುಸ್ತಕ ಹಿಡಿದು ಕುಳಿತಿದ್ದೆ. "ಅಪ್ಪಾ, ಅದರಾಗ..." ಎಂದು ನನ್ನ ದನಿ ಹೊರಬೀಳುವ ಹೊತ್ತಿಗೆ ಬಟ್ಟಲ ತಳ ಸೂರಿಗೆ ಮುಖ ಮಾಡಿತ್ತು. ಅಪ್ಪ ಏನನ್ನೋ ಕಚಕಚ ಅಗಿದು, ಅಂಗಳಕ್ಕೆ ಹೋಗಿ ನಾರು ಉಗುಳಿ ಬಂದರು.

"ಈ ಸಲ ಕರಿಬೇವು ಭಾಳ ಬಲತೈತಿ."

ಕಾಕಾ ಬಂದು ಖಾಲಿ ಬಟ್ಟಲು ನೋಡಿದ. "ಅಣ್ಣಾ, ಇದರಾಗ ಒಂದು ಪಟ್ಟಿ ಇತ್ತು."

"ಇತ್ತು."

"ಅದು ರೇಡಿಯೋಕ್ಕ ಇಟ್ಟಿದ್ದ ರೀಡು."

ಅಪ್ಪ ನಾಲಗೆಯಿಂದ ಹಲ್ಲು ಸವರಿಕೊಂಡು, "ಉಪ್ಪು ಕಡಿಮಿ ಬಿದ್ದಿತ್ತು ನೋಡು" ಅಂದರು.

ಸಂಜೆಯವರೆಗೂ ಅಪ್ಪ ಬಾಯಿ ತೆರೆದಾಗಲೆಲ್ಲ ಕಾಕಾ ಒಂದು ಕಿವಿ ವಾರೆ ಮಾಡಿ ಕೇಳುತ್ತಿದ್ದ, ಅಷ್ಟು ಒಳ್ಳೆಯ ರೀಡಿಗೆ ಅಣ್ಣನ ಸ್ವರವಾದರೂ ಸುಧಾರಿಸಿದೆಯೇನೋ ಎಂದು.

೩. ಬಿಸಿಲು

ಅಜವಾನದ ವಾಸನೆ ಹೋಗಲೇ ಇಲ್ಲ. ಬಾಣಂತಿ ವಾಸನೆಯ ಬ್ಯಾಂಡನ್ನು ಯಾರು ಮದುವೆಗೆ ಕರೆದಾರು? ಬ್ಯಾಂಡಿನ ಮುಖ್ಯಸ್ಥ ಮನೆಗೆ ಬಂದು, "ವಾಸನಿ ಕಳದ ಮ್ಯಾಲ ಬಾರಪಾ" ಎಂದು ಹೇಳಿ ಹೋದ. ಆಯಿ ತನ್ನ ಮದ್ದಿಗೆ ತಾನೇ ಮರುಮದ್ದು ಹೇಳಿದಳು. "ಮಾಳಿಗಿ ಮ್ಯಾಲ ಬಿಸಲಿಗಿಡ್ರಿ. ಬಿಸಲಿಗೆ ಹೋಗದ ವಾಸನಿ ಯಾವದೈತಿ?"

ಆಗ ಮೊದಲ ಸಲ ನನ್ನ ಕಡೆ ಎಲ್ಲರೂ ತಿರುಗಿದರು. ಕ್ಲಾರಿಯೊನೆಟ್ಟಿನ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಳೆಯ ಚೀಟಿ ಇತ್ತು. "ಕೂಸ, ನೀ ಇಂಗ್ರೇಜಿ ಕಲತಾಕಿ. ಇದರಾಗ ಏನ ಬರದಾರ ಓದು" ಅಂದ ಕಾಕಾ. ನಾನು ಓದಿ, ನೆಲ ನೋಡುತ್ತ, "ಬಿಸಲಿಗೆ ಇಡಬಾರದಂತ. ಕಟ್ಟಿಗಿ ಸೀಳತೈತಂತ" ಅಂದೆ.

ಪಡಸಾಲೆಯಲ್ಲಿ ಕುಳಿತಿದ್ದ ಮಾಸ್ತರರು ಚೀಟಿ ತೆಗೆದುಕೊಂಡು, ಕನ್ನಡಕ ಏರಿಸಿ, ಓದಿದವರಂತೆ ನೋಡಿ ನನಗೆ ಹಿಂದೆ ಕೊಟ್ಟರು.

"ಕೂಸು ಬರೋಬ್ಬರಿ ಓದೇತಿ. ಆದರ ಇದು ಅವರ ದೇಶದ ಬಿಸಲಿಗೆ ಬರದದ್ದು. ಅಲ್ಲಿ ಬಿಸಲು ಹಸಿ ಇರತೈತಿ. ನಮ್ಮದು ಒಣಾ ಬಿಸಲು, ಏನೂ ಮಾಡೂದಿಲ್ಲ."

ಹಸಿ ಬಿಸಿಲಿನ ಬಗ್ಗೆ ನನ್ನ ಶಾಲೆಯಲ್ಲಿ ಪಾಠ ಆಗಿರಲಿಲ್ಲವಾದ್ದರಿಂದ ನಾನು ಸುಮ್ಮನಾದೆ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿತ್ತು. ಕೆಂಪು ಕಾಯಿಗಳ ನಡುವೆ ಜಾಗ ಮಾಡಿ ಕ್ಲಾರಿಯೊನೆಟ್ ಮಲಗಿಸಿದರು. ಆಯಿ ತಾಸಿಗೊಮ್ಮೆ ಹೋಗಿ ಮೆಣಸಿನಕಾಯಿಗಳ ಜೊತೆ ಅದನ್ನೂ ಮಗ್ಗಲು ಬದಲಿಸಿ ಬರುತ್ತಿದ್ದಳು. ಎರಡು ದಿನಕ್ಕೆ ಅಜವಾನದ ವಾಸನೆ ಹೋಯಿತು. ಅದು ಬಿಟ್ಟುಹೋದ ಜಾಗದಲ್ಲಿ ಮೆಣಸಿನಕಾಯಿಯ ಧೂಳು ಕುಳಿತಿತು.

ಮರುದಿನ ಅಣ್ಣಿಗೇರಿಯ ಮದುವೆ. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಕಾಕಾ ಮೆಲ್ಲಗೆ ಕರುಣೆಯ ರಾಗ ಎತ್ತಿಕೊಂಡ. ಕ್ಲಾರಿಯೊನೆಟ್ಟಿನಲ್ಲಿ ಉಸಿರನ್ನು ಬಿಡುವುದಷ್ಟೇ ಅಲ್ಲ, ನಡುನಡುವೆ ಎಳೆದುಕೊಳ್ಳಲೂ ಬೇಕು. ಎಳೆದುಕೊಂಡ. ಕಣ್ಣಲ್ಲಿ ನೀರು ಬಂತು. ಮತ್ತೆ ಎಳೆದುಕೊಂಡ. ಮೂಗಲ್ಲೂ ಬಂತು. ಮುಖ ಕೆಂಪಾಯಿತು, ಸ್ವರ ನಡುಗಿತು. ನಿಲ್ಲಿಸಿದರೆ ಸೀನು ಬರುತ್ತದೆಂದು ಹೆದರಿ ನಿಲ್ಲಿಸಲೂ ಇಲ್ಲ.

"ಎಂಥಾ ಭಾವ ಅಂತೀನಿ!" ಅಂದರು ಬೀಗರು. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಹೆಣ್ಣಿನ ತಂದೆ, ಗುರುತು ಪರಿಚಯವಿಲ್ಲದ ಈ ಮನುಷ್ಯ ತಮ್ಮ ಮಗಳಿಗಾಗಿ ಅಳುವುದನ್ನು ಕಂಡು ಗೊಳೋ ಎಂದು ಅತ್ತು, ತಮ್ಮ ಹೆಗಲಿನ ಹೊಸ ಟಾವೆಲನ್ನು ಕಾಕಾನಿಗೆ ಹೊದಿಸಿದರು. ಕಾಕಾ ಅದರಿಂದಲೇ ಮೂಗು ಒರೆಸಿಕೊಂಡ. ಅದಕ್ಕೂ ಭೇಷ್ ಅಂದರು.

ಆ ತಿಂಗಳು ಬ್ಯಾಂಡನ್ನು ಕರೆಯಲು ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಅಳಾಂವ ಬರತಾನಲ್ರಿ?"

೪. ಪಥ್ಯ

ಬಿಸಿಲು ತನ್ನ ಕೆಲಸವನ್ನೂ ಮಾಡಿತ್ತು. ಒಣಾ ಬಿಸಿಲೇ. ಆಡಿಶನ್ನಿಗೆ ಹನ್ನೆರಡು ದಿನ ಉಳಿದಾಗ ಕ್ಲಾರಿಯೊನೆಟ್ಟಿನ ಮೇಲಿನ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಊದಿದರೆ ಅಲ್ಲಿಂದ ಗಾಳಿ ಸೋರಿ ಸ್ವರ ಒಡೆಯುತ್ತಿತ್ತು. ಕಾಕಾ ಊಟ ಬಿಟ್ಟ. ಅಪ್ಪ ಹೊಲ ಹರಗುವ ಕುಂಟಿಯ ಹಿಡಿಗೆ ಎಣ್ಣೆ ಹಚ್ಚಿ ಕಾಕಾನಿಗೆ ಕಾಣುವಂತೆ ಗೋಡೆಗೆ ಆನಿಸಿಟ್ಟರು.

ಹುಬ್ಬಳ್ಳಿಗೆ ಒಯ್ದರೆ ರಿಪೇರಿಯವನು ತಿಂಗಳು ಬಿಟ್ಟು ಬಾ ಅನ್ನುತ್ತಾನೆ. ಅಷ್ಟರಲ್ಲಿ ಬಮ್ಮಿಗಟ್ಟಿ ಕಡೆಯ, ಮುರಿದ ಎಲುಬು ಕಟ್ಟುವ ಅಜ್ಜನೊಬ್ಬ ಪಕ್ಕದ ಮನೆಯ ಎತ್ತಿನ ಕಾಲು ನೋಡಲು ಬಂದಿದ್ದ. ಆಯಿ ಅವನನ್ನು ಒಳಗೆ ಕರೆದಳು.

ಅಜ್ಜ ಕಣ್ಣು ಮುಚ್ಚಿ ಕ್ಲಾರಿಯೊನೆಟ್ಟಿನ ಮೇಲೆ ಬೆರಳಾಡಿಸಿದ. ಒಂದು ಕೀ ಟಕ್ಕೆಂದಿತು. ಇನ್ನೊಂದು ಕೀ ಟಕ್ಕೆಂದಿತು. ಅಜ್ಜ ಕಣ್ಣು ತೆರೆದ.

"ಇದಕ್ಕ ಎಲಬಕಿಂತ ಕೀಲ ಜಾಸ್ತಿ ಅದಾವಲ್ಲ! ಯಾವಾಗ ಬಿತ್ತು?"

"ಬಿದ್ದಿಲ್ಲೋ ಯಪ್ಪಾ, ಬಿಸಲಿಗಿಟ್ಟಿದ್ವಿ" ಅಂದಳು ಆಯಿ.

"ಮುರದಿಲ್ಲ, ಬಿರತೈತಿ. ಕೂಡತೈತಿ. ಇಪ್ಪತ್ತೊಂದು ದಿನ ಅಲ್ಲಾಡಸಬಾರದು."

ಉದ್ದಿನ ಹಿಟ್ಟು, ಕೋಳಿ ತತ್ತಿ ಕಲೆಸಿ ಬಳಿದ. ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿ ಬಿಗಿದ. ಕಡೆಗೆ ಪಥ್ಯ ಹೇಳಿದ: "ಬದನಿಕಾಯಿ ಬಂದ್. ಹುಣಸಿಹುಳಿ ಬಂದ್. ಕುಂಬಳಕಾಯಿ ನೋಡಬಾರದು."

"ಯಾರಿಗ್ರಿ ಪಥ್ಯ?" ಅಂದ ಕಾಕಾ.

"ಬಾಯಿ ಯಾರಿಗೆ ಐತಿ, ಅವಂಗ."

ಮೆಣಸಿನ ಪುಡಿಗೆ ಕಣ್ಣೀರು ಸುರಿಸಿ ಹೆಸರು ಗಳಿಸಿದ್ದ ಕಾಕಾ ಈಗ ಬದನೆಕಾಯಿಗೆ ಸುರಿಸಿದ. ಅಭ್ಯಾಸ ತಪ್ಪಬಾರದೆಂದು ಒಲೆಯ ಮುಂದಿನ ಊದುಗೊಳವೆ ಹಿಡಿದು ಅದರ ಮೇಲೆ ಬೆರಳಾಡಿಸುತ್ತ ದಿನಗಳೆದ. ನಡುವೆ ಬೀಗರ ಊಟಕ್ಕೆ ಹೋದಾಗ ಎಲೆಗೆ ಬದನೆಯ ಎಣ್ಣಿಗಾಯಿ ಬಂತು. ಕಾಕಾ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಯಾಕ್ರಿ, ಎಣ್ಣಿಗಾಯಿ ಒಲ್ಲೆ ಅಂತೀರಿ? ಆರಾಮಿಲ್ಲೇನು?" ಅಂದರು ಬಡಿಸುವವರು.

"ಎಲಬ ಬಿರತೈತ್ರಿ. ಪಥ್ಯ."

"ಅಯ್ಯ ಪಾಪ! ಯಾವ ಎಲಬರಿ?"

"ನನ್ನದಲ್ರಿ. ಕ್ಲಾರಿಯೊನೆಟ್ಟಿಂದು."

ಬಡಿಸುವವರು ಬುಟ್ಟಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರಂತೆ.

ಇಪ್ಪತ್ತೊಂದು ದಿನ ಕಾಯಲು ರೇಡಿಯೋದವರು ತಯಾರಿರಲಿಲ್ಲ. ಆಡಿಶನ್ನಿನ ಹಿಂದಿನ ದಿನ ಕಟ್ಟು ಬಿಚ್ಚಿದರು. ಬಿರುಕು ಇದ್ದಂತೇ ಇತ್ತು, ಉದ್ದಿನ ಹಿಟ್ಟು ಹತ್ತಿ ಇನ್ನೂ ಚೆನ್ನಾಗಿ ಎದ್ದು ಕಾಣುತ್ತಿತ್ತು. ಪಕ್ಕದ ಮನೆಗೆ ಎತ್ತನ್ನು ನೋಡಲು ಮತ್ತೆ ಬಂದಿದ್ದ ಅಜ್ಜನನ್ನು ಕರೆದು ತೋರಿಸಿದರೆ, ಅವನು ಬಾಗಿಲಲ್ಲೇ ನಿಂತು, "ಈ ಮನ್ಯಾಗ ಯಾರೋ ಬದನಿಕಾಯಿ ತಿಂದೀರಿ" ಅಂದ.

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಎದ್ದು ಎತ್ತಿಗೆ ನೀರು ಕುಡಿಸಲು ಹೋದರು.

೫. ಥಂಡಿ

ಅವತ್ತು ಸಂಜೆ ಕಾಕಾ ಕಂಬಕ್ಕೆ ಒರಗಿ ಕುಳಿತಿದ್ದ. ಮರುದಿನ ಬಿರುಕಿನಿಂದ ಗಾಳಿ ಸೋರಿದರೆ ರೇಡಿಯೋ ಇಲ್ಲ, ಬಾಳೆಲ್ಲ ಕುಂಟಿಯ ಹಿಂದೆ. ಆಯಿ ಕಾಲು ಚಾಚಿ ಕುಳಿತು ತನ್ನ ಹಿಮ್ಮಡಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಮಾಡಿದ ಮುಲಾಮು. ಅವಳು ತನ್ನ ಹಿಮ್ಮಡಿ ನೋಡಿದಳು, ಕ್ಲಾರಿಯೊನೆಟ್ ನೋಡಿದಳು, ಮತ್ತೆ ಹಿಮ್ಮಡಿ ನೋಡಿದಳು.

"ತಮ್ಮಾ, ಒಡಕು ಯಾವುದಾದರೇನೋ? ಕೊಡಿಲ್ಲೆ."

ಮುಲಾಮನ್ನು ಬಿಸಿ ಮಾಡಿ ಬಿರುಕಿಗೆ ಸುರಿದಳು. ಉಳಿದದ್ದನ್ನು ವ್ಯರ್ಥ ಮಾಡುವುದೇಕೆಂದು ಒಳಗೂ ಸುರಿದಳು, ಎಲ್ಲ ತೂತುಗಳ ಅಂಚಿಗೂ, ಕೀಗಳ ಸಂದಿಗೂ ಧಾರಾಳವಾಗಿ ಬಳಿದಳು. ಮೇ ತಿಂಗಳ ಸೆಕೆಗೆ ಅದು ಬೆಣ್ಣೆಗಿಂತ ಮೆತ್ತಗಿತ್ತು.

ಬೆಳಿಗ್ಗೆ ಧಾರವಾಡಕ್ಕೆ ಕಾಕಾನ ಜೊತೆ ನನ್ನನ್ನೂ ಕಳಿಸಿದರು. ಅಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿದರೆ ಉತ್ತರ ಕೊಡಲು. ನಾನು ಕನ್ನಡದಲ್ಲಿಯೂ ಉತ್ತರ ಕೊಡುವವಳಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ ಕಾಕಾ ತಡೆಯಲಾರದೆ ಅಲ್ಲೇ ಊದಿ ನೋಡಿದ. ಗಾಳಿ ಸೋರಲಿಲ್ಲ! ಬೆರಳು ಜಾರಿ ಜಾರಿ ಸ್ವರಗಳು ಸರಾಗ ಹರಿದವು. ಸುತ್ತ ಜನ ನೆರೆದರು. ಕಂಡಕ್ಟರ್ ಸೀಟಿ ಊದುವುದು ಬಿಟ್ಟು ನಿಂತ. "ಕೂಸ, ನಮ್ಮವ್ವನ ಕಾಲಿಗೆ ಬೀಳಬೇಕು ನೋಡು" ಅಂದ ಕಾಕಾ. ಅಷ್ಟು ಮದ್ದುಗಳಲ್ಲಿ ನಿಜಕ್ಕೂ ಫಲಿಸಿದ್ದು ಇದೊಂದೇ.

ರೇಡಿಯೋದವರ ಒಳಕೋಣೆಗಳಿಗೆ ದಪ್ಪ ದಪ್ಪ ಬಾಗಿಲು, ಒಳಗೆ ಏಸಿ. ನಾವಿಬ್ಬರೂ ಆ ಥಂಡಿಯನ್ನು ಕಂಡದ್ದು ಅದೇ ಮೊದಲು. "ಸ್ವರ್ಗಕ್ಕ ಹೋದರ ಹಿಂಗ ಇರತೈತೇನೋ" ಎಂದು ಕಾಕಾ ಕ್ಲಾರಿಯೊನೆಟ್ಟನ್ನು ತೊಡೆಯ ಮೇಲಿಟ್ಟು, ಕಣ್ಣುಮುಚ್ಚಿ ಸುಖಪಡುತ್ತ ಒಂದು ತಾಸು ಸರದಿ ಕಾದ. ನಾನು ಕ್ಲಾರಿಯೊನೆಟ್ ನೋಡುತ್ತಿದ್ದೆ. ತೂತುಗಳ ಅಂಚಿನಲ್ಲಿ ಹೊಳೆಯುತ್ತಿದ್ದ ಮುಲಾಮು ಮಂಕಾಯಿತು. ಆಮೇಲೆ ಬೆಳ್ಳಗಾಯಿತು. ಡಿಸೆಂಬರ್ ಬೆಳಿಗ್ಗೆ ನಮ್ಮ ಕೊಬ್ಬರಿ ಎಣ್ಣೆಯ ಬಾಟಲಿ ಆಗುತ್ತದಲ್ಲ, ಹಾಗೆ. ಎಲ್ಲ ತೂತೂ ಮುಚ್ಚಿಹೋಗುತ್ತಿವೆ, ಹೇಳಬೇಕು. ವಾಕ್ಯವನ್ನು ಮೊದಲು ಇಂಗ್ಲಿಷಿನಲ್ಲಿ ಜೋಡಿಸಿದೆ, ಆಮೇಲೆ ಕನ್ನಡಕ್ಕೆ ತಂದೆ, ಬಾಯಿ ತೆರೆದೆ. ಒಳಗಿಂದ ಕಾಕಾನ ಹೆಸರು ಕೂಗಿದರು.

ಪರೀಕ್ಷಕರು ಬೇರೆ ಕೋಣೆಯಲ್ಲಿ. ಅವರಿಗೆ ಮುಖ ಕಾಣುವುದಿಲ್ಲ, ಸ್ವರ ಮಾತ್ರ ಕೇಳುತ್ತದೆ. ಹೊರಗೆ ಕಾಯುವವರಿಗೂ ಒಂದು ಸ್ಪೀಕರ್ ಇತ್ತು. ಬಾಗಿಲಿನ ದುಂಡು ಗಾಜಿನಿಂದ ನಾನು ನೋಡಿದೆ. ಕಾಕಾ, ಎದುರಿಗೆ ತಬಲಾದವರು.

ಕಾಕಾ ಷಡ್ಜ ಹಿಡಿದ. ಅಗದಿ ತುಂಬು ಸ್ವರ. ಆಮೇಲೆ ಬೆರಳು ಎತ್ತಿದ. ಸ್ವರ ಬದಲಾಗಲಿಲ್ಲ. ಇನ್ನೆರಡು ಬೆರಳು ಎತ್ತಿದ. ಅದೇ ಷಡ್ಜ.

"ಆತ್ರಿ, ಶ್ರುತಿ ಸಾಕು. ರಾಗ ಸುರು ಮಾಡ್ರಿ" ಎಂದಿತು ಪರೀಕ್ಷಕರ ದನಿ.

ಕಾಕಾ ರಾಗ ಶುರು ಮಾಡಿದ. ಬೆರಳುಗಳು ಆಲಾಪ ಮಾಡಿದವು, ತಾನಗಳನ್ನು ಹೊಡೆದವು, ಮಳೆಹುಳುಗಳಂತೆ ಮೇಲೆ ಕೆಳಗೆ ಹಾರಿದವು. ಸ್ಪೀಕರಿನಲ್ಲಿ ಅದೇ ಷಡ್ಜ. ನಿಲ್ಲಿಸಿದರೆ ಫೇಲು, ಕುಂಟಿ, ಹೊಲ. ಹೀಗಾಗಿ ನಿಲ್ಲಿಸಲೂ ಇಲ್ಲ. ತಬಲಾದವರು ತಮ್ಮ ತಬಲಾದ ಸದ್ದಿನಲ್ಲಿ ಸ್ವರ ಕೇಳದೆ ಕಾಕಾನ ಬೆರಳನ್ನೇ ನೋಡುತ್ತಿದ್ದರು. ಆ ಬೆರಳಿಗೆ ಮರುಳಾಗಿ ತಲೆದೂಗಿದರು, ತಾಳದ ಸಮಕ್ಕೆ ಬಂದಾಗ "ವಾಹ್!" ಅಂದರು.

"ಶ್ರುತಿ ಸಾಕಂದ್ವಿ, ರಾಗ ಬಾರಸ್ರಿ!" ಅಂದಿತು ದನಿ.

ಮದುವೆ ಮೆರವಣಿಗೆಗಳಲ್ಲಿ ಪಳಗಿದ ಉಸಿರು ಅದು. ನಿಮಿಷಗಟ್ಟಲೆ ಅದೇ ಷಡ್ಜ ಒಂದು ಎಳೆಯೂ ಮೇಲಾಗದೆ, ಒಂದು ಎಳೆಯೂ ಕೆಳಗಾಗದೆ ನಿಂತಿತು. ಕಡೆಗೆ ಬಾಗಿಲ ಮೇಲಿನ ಕೆಂಪು ದೀಪವನ್ನು ಪರೀಕ್ಷಕರೇ ಆರಿಸಿದರು. ಒಬ್ಬ ಅಧಿಕಾರಿ ಹೊರಗೆ ಬಂದು, ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, "ಈ ಸಲ ಆಗೂದಿಲ್ರಿ" ಅಂದರು. ಕಾಕಾ ಬೆಂಚಿನ ಮೇಲೆ ಕುಸಿದ. ನಾನು ಜೋಡಿಸಿಟ್ಟುಕೊಂಡಿದ್ದ ವಾಕ್ಯವನ್ನು ಆಗ ಹೇಳಿದೆ. "ಈಗ ಹೇಳ್ತಿಯಲ್ಲ ಕೂಸ" ಅಂದ ಅಷ್ಟೇ.

ಆ ಕಡೆಯ ಬೆಂಚಿನಿಂದ ಬಿಳಿ ಮೀಸೆಯ ಹಿರಿಯರೊಬ್ಬರು ಎದ್ದು ಬಂದರು. ರೇಡಿಯೋದಲ್ಲಿ ಸನಾದಿ ಬಾರಿಸುವವರು.

"ಅಷ್ಟೊತ್ತು ಷಡ್ಜ ಹಿಡದಾಂವ ನೀನ ಏನ?"

"ಹೌದ್ರಿ. ತಪ್ಪಾತ್ರಿ."

"ಎಂಥಾ ತಪ್ಪೋ! ನನ್ನ ಹಿಂದ ಕುಂತು ಶ್ರುತಿ ಹಿಡಿಯಾವರು ಯಾರೂ ಸಿಗವಲ್ರು. ಸಿಕ್ಕವರು ನಡುವ ತಮ್ಮ ಶಾಣ್ಯಾತನ ತೋರಸಾಕ ಹೋಗಿ ಸ್ವರ ಬಿಡ್ತಾರ. ನಿನ್ನಂಗ ಆಸೆ ಇಲ್ಲದ ಒಂದ ಸ್ವರ ಹಿಡಿಯಾಂವನ್ನ ನಾ ನೋಡೇ ಇಲ್ಲ. ನಾ ಸಾಹೇಬ್ರಿಗೆ ಹೇಳತೀನಿ, ಬಾ. ಆದರ ಒಂದ ಮಾತು." ಅವರು ಕ್ಲಾರಿಯೊನೆಟ್ಟಿನ ಕಡೆ ಬೆರಳು ತೋರಿಸಿದರು. "ಇದನ್ನ ರಿಪೇರಿ ಮಾಡಿಸಿದಿ ಅಂದ್ರ ನಿನ್ನ ಕೆಲಸ ಹೋತು."

ಹೀಗೆ ರೇಡಿಯೋ ಕಾಕಾನನ್ನು ತೆಗೆದುಕೊಂಡಿತು.

ಅವನ ಸ್ವರ ಮೊದಲ ಸಲ ಬಿತ್ತರವಾದ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸನಾದಿ ಶುರುವಾಯಿತು. ಹಿರಿಯರ ಸ್ವರ ಏರಿತು, ಇಳಿಯಿತು, ಸುಳಿಯಿತು, ಮಿಂಚಿತು. ಅದರ ಕೆಳಗೆ ಊಂ ಎಂದು ಒಂದೇ ಸಮನೆ ನಿಂತ ಸ್ವರ.

"ಕೇಳ್ರಿ, ಆ ಊಂ ಅನ್ನಾಂವ ನಮ್ಮಾಂವ" ಎಂದು ಆಯಿ ಎಲ್ಲರಿಗೂ ಹೇಳಿದಳು.

ಅಪ್ಪ ಕಡೆಯವರೆಗೂ ಕೇಳಿ, "ಇದೊಂದ ಸ್ವರಕ್ಕ ನಾ ಒಬ್ಬನ ಹೊಲ ಮಾಡಬೇಕೇನು?" ಅಂದರು. ಆದರೆ ಕೊಟ್ಟ ಮಾತು ಕೊಟ್ಟದ್ದೇ, ಕುಂಟಿಯನ್ನು ತಾವೇ ಹೆಗಲಿಗೇರಿಸಿಕೊಂಡು ಹೊರಟರು.

ಆಯಿ ಮಾತ್ರ ರೇಡಿಯೋಕ್ಕೆ ಕಿವಿಯಿಟ್ಟು ಕುಳಿತೇ ಇದ್ದಳು. ಅವಳ ಮುಖದಲ್ಲಿ ಮರುಕ ತುಂಬಿತ್ತು.

"ಅಲ್ಲಬೇ ಕೂಸ, ನಮ್ಮಾಂವನ ಬಾಜು ಕುಂತಾಂವ ಯಾರ ಅಂವ? ಪಾಪ, ವಯಸ್ಸಾದಾಂವ ಕಾಣಸ್ತಾನ. ಸ್ವರ ಒಂದ ಕಡೆ ನಿಲ್ಲವಲ್ದು, ಜಾರಿ ಜಾರಿ ಬೀಳಾಕತ್ತೈತಿ. ಡಬ್ಬ್ಯಾಗ ಇನ್ನೊಂದೀಟು ಮುಲಾಮು ಉಳದೈತಿ, ನಾಳೆ ಮುಂಜಾನಿ ಬಸ್ಸಿಗೆ ಕೊಟ್ಟು ಕಳಸು."